ಚಿಕ್ಕಮ್ಮನ ಗೇಣು

ವೆಂತಾ ದೆ ಬಾನ್ಯೋಸ್ ಜಂಕ್ಷನ್
3 ಮೇ 1971

ಚಿಕ್ಕಮ್ಮ, ಬಟ್ಟೆ ಸಿಕ್ಕಿತು! ಹದಿನಾಲ್ಕು ಮೀಟರ್, ಒಂದೇ ಥಾನು, ನೀನು ಹೇಳುತ್ತಿದ್ದ ಅದೇ ಬಣ್ಣ, ವೈನ್ ಪೀಪಾಯಿಯ ತಳದಲ್ಲಿ ಉಳಿಯುವ ಗಸಿಯ ಬಣ್ಣ!

ಇರು, ಮೊದಲಿನಿಂದ ಹೇಳುತ್ತೇನೆ. ನಿನ್ನೆ ಎಲಾದಿಯೊ ವಯ್ಯಾದೊಲಿದ್‌ಗೆ ಹೋಗಿದ್ದ. ಅಲ್ಲಿ ರೈಲ್ವೆ ಉಗ್ರಾಣ ಖಾಲಿ ಮಾಡುತ್ತಿದ್ದರಂತೆ. ಮೊದಲ ದರ್ಜೆಯ ಬೋಗಿಗಳ ಪರದೆಗೆಂದು ತರಿಸಿ, ಯಾರೂ ಕತ್ತರಿ ತಾಗಿಸದೆ ಬಿಟ್ಟಿದ್ದ ಉಣ್ಣೆ ಬಟ್ಟೆ. ನನ್ನ ಗಂಡ (ಈ ಮಾತು ಬರೆಯುವಾಗ ಇನ್ನೂ ನಗು ಬರುತ್ತದೆ!) ಅದನ್ನು ಹೆಗಲ ಮೇಲೆ ಹೊತ್ತು ತಂದು ಅಡುಗೆಮನೆಯ ನೆಲದ ಮೇಲೆ ಉರುಳಿಸಿದ. "ಇನ್ಮೇಲೆ ನೀನು ಫಸ್ಟ್ ಕ್ಲಾಸ್ ಹೆಂಗಸು ಕಣೇ. ಎಲ್ಲಿ, ಟಿಕೆಟ್ ತೋರ್ಸು" ಅಂದ. ಒಲೆಯ ಮೇಲಿದ್ದ ಕಡಲೆ ಸೀದುಹೋಯಿತು. ಮದುವೆಯಾಗಿ ಹದಿನಾರು ದಿನಕ್ಕೆ ಇದು ನಾನು ಸೀಯಿಸಿದ ನಾಲ್ಕನೇ ಅಡುಗೆ.

ಯಾಕೆ ಬಟ್ಟೆ ಎಂದು ಕೇಳುತ್ತೀಯ. ಚಿಕ್ಕಮ್ಮ, ನೀನು ನನ್ನನ್ನು ಮದುವಣಗಿತ್ತಿಯಾಗಿ ನೋಡಲೇ ಇಲ್ಲ. ಇಗರ್ಜಿಯಿಂದ ನೇರವಾಗಿ ನಿಮ್ಮ ಮಠಕ್ಕೆ ಓಡಿಬಂದೆ, ಮಾತಾಡುವ ಕೋಣೆಯ ಕಬ್ಬಿಣದ ಜಾಲರಿಯ ಮುಂದೆ ಕೈಯಲ್ಲಿ ಹೂ ಹಿಡಿದು ನಿಂತೆ, ಗಂಟೆ ಬಾರಿಸಿದೆ. "ಸಿಸ್ಟರ್ ವಿಸಿತಾಸಿಯೋನ್‌ಗೆ ಜ್ವರ ಕಣಮ್ಮ, ಏಳೋಕಾಗಲ್ಲ" ಎಂದು ಒಳಗಿನಿಂದ ದನಿ ಬಂತು. ಎಲಾದಿಯೊ ಪಾಪ, ಜಾಲರಿಗೇ ಟೋಪಿ ತೆಗೆದು ನಮಸ್ಕಾರ ಮಾಡಿದ.

ಅದಕ್ಕೇ ಈ ಯೋಜನೆ. ಒಳಮಠದ ಮೆಟ್ಟಿಲ ಗೋಡೆಯ ಮೇಲಿನ ಆ ಹುಡುಗಿ, ನಿಮ್ಮ ಮಠ ಕಟ್ಟಿಸಿದ ದೋನ್ಯಾ ಮೆನ್ಸಿಯಾ, ಸನ್ಯಾಸಕ್ಕೆ ಸೇರುವ ಹಿಂದಿನ ದಿನ ತನ್ನ ಅತ್ಯಂತ ಒಳ್ಳೆಯ ಉಡುಪಿನಲ್ಲಿ ಬರೆಸಿಕೊಂಡ ಚಿತ್ರ! ಹೊರಗಿನವರು ಯಾರೂ ಕಾಣದ ಚಿತ್ರ. ಅಮ್ಮ ತೀರಿಹೋದ ವರ್ಷದಿಂದ ಪ್ರತಿ ಭಾನುವಾರ ನೀನು ಜಾಲರಿಯ ಆಚೆಯಿಂದ ನನಗೆ ಅದನ್ನೇ ಕಥೆಯಾಗಿ ಹೇಳಿದ್ದೀಯ. ಆ ಉಡುಪನ್ನು ನಾನು ಹೊಲಿಯುತ್ತೇನೆ, ಮೆಷಿನ್ ಮುಟ್ಟದೆ, ಪೂರ್ತಿ ಕೈಯಲ್ಲಿ. ಅಕ್ಟೋಬರ್ 24ಕ್ಕೆ ಅವಳ ಸ್ಮರಣೆಯ ದಿನ ಇಗರ್ಜಿಗೆ ಊರೆಲ್ಲ ಬರುತ್ತದಲ್ಲ, ಅಂದು ಅದನ್ನು ತೊಟ್ಟು ನಿನ್ನ ಜಾಲರಿಯ ಮುಂದೆ ನಿಲ್ಲುತ್ತೇನೆ. ಮದುವೆಯ ದಿನ ತಪ್ಪಿದ್ದನ್ನು ಅವತ್ತು ನೋಡುವೆಯಂತೆ.

ನೀನು ಅಳತೆ ಕೊಡಬೇಕು. ಟೇಪು ಬೇಡ, ನಮ್ಮ ಗೇಣು ಸಾಕು. ನೆನಪಿದೆಯಾ, ನನಗೆ ಹದಿನೇಳಾದಾಗ ಜಾಲರಿಯ ಈ ಕಡೆ ನನ್ನ ಅಂಗೈ, ಆ ಕಡೆ ನಿನ್ನದು ಇಟ್ಟು ನೋಡಿದ್ದು? ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಬೇಗ ಬರಿ, ಬೇಗ!

ನಿನ್ನ ಕಸಿಲ್ದಾ (ಶ್ರೀಮತಿ!)


ಫ್ವೆಂತೆಸೆರಾ ಕನ್ಯಾಮಠ
14 ಮೇ 1971

ಪ್ರೀತಿಯ ಕಸಿಲ್ದಾ,
ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ. ಬಟ್ಟೆಯನ್ನು ಮೊದಲು ನೀರಿಗೆ ಹಾಕಿ ಒಣಗಿಸು, ಉಣ್ಣೆ ಕುಗ್ಗುತ್ತದೆ. ಸಂಜೆ ಪ್ರಾರ್ಥನೆ ಮುಗಿಸಿ ಮೆಟ್ಟಿಲು ಹತ್ತುವಾಗ ಅಳೆದೆ. ಆಳೆತ್ತರದ ಚಿತ್ರವಾದ್ದರಿಂದ ಲೆಕ್ಕ ಹಾಕುವುದು ಬೇಕಿಲ್ಲ. ಲಂಗ ಸೊಂಟದಿಂದ ಅಂಚಿಗೆ ಆರು ಗೇಣು. ಕುಪ್ಪಸ ಕತ್ತಿನಿಂದ ಕೆಳಗಿನ ಚೂಪಿನವರೆಗೆ ಮೂರು. ಸೊಂಟ ಮುಂಭಾಗದಲ್ಲಿ ಒಂದೂವರೆ. ಅಡುಗೆ ಸೀಯಿಸಬೇಡ.
ಸಿಸ್ಟರ್ ವಿಸಿತಾಸಿಯೋನ್


ವೆಂತಾ ದೆ ಬಾನ್ಯೋಸ್
22 ಮೇ 1971

ಚಿಕ್ಕಮ್ಮ,

ನಿನ್ನ ಕಾಗದ ಏಳೇ ಸಾಲು! ನಾನು ಎಣಿಸಿದೆ. ಮೊದಲೆಲ್ಲ ನೀನು ಹಾಳೆಯ ಎರಡೂ ಬದಿ ತುಂಬಿಸಿ, ಅಂಚಿನಲ್ಲೂ ಸುತ್ತ ಬರೆಯುತ್ತಿದ್ದೆ. ನಾನು ರೈಲ್ವೆಯವನನ್ನು ಕಟ್ಟಿಕೊಂಡೆ ಎಂದು ಸಿಟ್ಟೇ? ಇಲ್ಲ, ನಾನೂ ಒಳಗೆ ಬಂದು ನಿನ್ನ ಪಕ್ಕದ ಕೋಣೆಯಲ್ಲಿ ಇರುತ್ತೇನೆ ಎಂದುಕೊಂಡಿದ್ದೆಯಾ? ಹತ್ತು ವರ್ಷದವಳಿದ್ದಾಗ ಹಾಗೆ ಹೇಳಿದ್ದೆ, ನನಗೂ ನೆನಪಿದೆ. ಆಗ ನನಗೆ ಬೇಕಾಗಿದ್ದು ದೇವರಲ್ಲ ಚಿಕ್ಕಮ್ಮ, ಆ ಜಾಲರಿಯ ಆಚೆ ಬದಿ.

ಇರಲಿ, ಖುಷಿಯ ಮಾತಾಡೋಣ. ಒಳಲಂಗ ಮುಗಿಯಿತು! ಗಂಟೆಯಂತೆ ಉಬ್ಬಿ ನಿಲ್ಲಬೇಕಲ್ಲ, ಅದಕ್ಕೆ ಬುಟ್ಟಿ ಹೆಣೆಯುವವನಿಂದ ಬೆತ್ತ ತಂದು ನೆನೆಸಿ, ಏಳು ಸುತ್ತು ಬಳೆ ಮಾಡಿ ಬಟ್ಟೆಯೊಳಗೆ ಸೇರಿಸಿ ಹೊಲಿದೆ. ಅದನ್ನು ತೊಟ್ಟು ಬಾಗಿಲು ದಾಟಲು ಹೋದೆ, ಆಗಲಿಲ್ಲ. ಎಲಾದಿಯೊ ಕೈಯಲ್ಲಿ ಹಸಿರು ಬಾವುಟ ಹಿಡಿದು, "ಎಡಕ್ಕೆ ತಿರುಗ್ಸು, ಎಡಕ್ಕೆ! ನಿಧಾನ! ಹಿಂದಕ್ಕೆ ತಗೋ, ಲೈನ್ ಕ್ಲಿಯರ್ ಇಲ್ಲ!" ಎಂದು ನನ್ನನ್ನು ಗೂಡ್ಸ್ ಗಾಡಿಯಂತೆ ಅಡ್ಡಡ್ಡ ದಾಟಿಸಿದ. ಹಳಿ ಬದಲಿಸುವ ಕೆಲಸದವನು ಮನೆಯಲ್ಲೂ ಅದನ್ನೇ ಮಾಡುತ್ತಾನೆ.

ಈ ಊರಿನ ಬಗ್ಗೆ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಇಲ್ಲಿ ಸ್ಟೇಷನ್ ಬಿಟ್ಟರೆ ಸ್ಟೇಷನ್. ಎಲ್ಲರೂ ಬರುತ್ತಾರೆ, ಗಾಡಿ ಬದಲಿಸುತ್ತಾರೆ, ಹೋಗುತ್ತಾರೆ. ಹನ್ನೊಂದು ಇಪ್ಪತ್ತಕ್ಕೆ ಮೆದಿನಾ ಕಡೆಯಿಂದ ಟಪಾಲು ಗಾಡಿ ಬರುತ್ತದೆ, ಅಂದರೆ ನಿನ್ನ ಕಡೆಯಿಂದ. ಹೊಲಿಗೆ ಬಿಟ್ಟು ದಿನಾ ಪ್ಲಾಟ್‌ಫಾರಂಗೆ ಹೋಗುತ್ತೇನೆ. ನನಗಾಗಿ ಯಾರೂ ಇಳಿಯುವುದಿಲ್ಲ ಎಂದು ಗೊತ್ತು. ಆದರೂ ಕೊನೆಯ ಬೋಗಿಯ ಬಾಗಿಲು ಮುಚ್ಚುವವರೆಗೆ ನಿಂತಿರುತ್ತೇನೆ. ಎಷ್ಟು ಮಜವಾಗಿರುತ್ತದೆ ಗೊತ್ತಾ!

ಒಂದು ಮುಖ್ಯ ಪ್ರಶ್ನೆ. ಕುಪ್ಪಸದ ಮುಂಭಾಗದಲ್ಲಿ ಗುಂಡಿ, ದಾರ, ಏನೂ ಇಲ್ಲ ಎಂದು ನೀನು ಯಾವಾಗಲೂ ಹೇಳುತ್ತಿದ್ದೆ. ಹಾಗಾದರೆ ಅವಳು ಅದರೊಳಗೆ ಹೋದದ್ದು ಹೇಗೆ? ಬೆನ್ನು ಹೇಗಿದೆ?

ಕಸಿಲ್ದಾ


ಫ್ವೆಂತೆಸೆರಾ
11 ಜೂನ್ 1971

ಕಸಿಲ್ದಾ,
ಸಿಟ್ಟಿಲ್ಲ. ಬೆನ್ನು ನನಗೂ ಕಾಣುವುದಿಲ್ಲ. ಚಿತ್ರಗಾರ ಬರೆಯದೆ ಬಿಟ್ಟದ್ದನ್ನು ನಾನು ಎಲ್ಲಿಂದ ಹೇಳಲಿ? ಕೊರಳಪಟ್ಟಿಯ ಮಡಿಕೆಗಳು ಲೆಟಿಸ್ ಸೊಪ್ಪಿನ ಅಂಚಿನಂತಿವೆ, ಎಂಬತ್ತೆರಡು. ಎರಡು ಸಲ ಎಣಿಸಿದೆ. ಮೊದಲು ತೋಳು ಹೊಲಿ. ಕುಪ್ಪಸಕ್ಕೆ ಅವಸರ ಮಾಡಬೇಡ.
ಸಿಸ್ಟರ್ ವಿಸಿತಾಸಿಯೋನ್


ವೆಂತಾ ದೆ ಬಾನ್ಯೋಸ್
5 ಜುಲೈ 1971

ಚಿಕ್ಕಮ್ಮ,

ಅವಸರ ಮಾಡಿಬಿಟ್ಟೆ! ಲಂಗ, ಕುಪ್ಪಸ ಎರಡನ್ನೂ ಕತ್ತರಿಸಿ ಹೊಲಿದೂ ಆಯಿತು. ಬೆನ್ನನ್ನು ಮಾತ್ರ ತೆರೆದೇ ಬಿಟ್ಟಿದ್ದೇನೆ. ಹೇಗೆ ಕೂತಿದೆ ಎಂದು ಕೇಳಬೇಡ, ಅಚ್ಚು ಹೊಯ್ದಂತೆ ಕೂತಿದೆ. ಪಕ್ಕದ ಮನೆಯ ಹೊನೋರಿನಾ ಅಜ್ಜಿ ಬಂದು ಲಂಗವನ್ನು ಗೋಡೆಗೆ ನೇತುಹಾಕಿದ್ದು ನೋಡಿ, "ಅಬ್ಬಾ, ಏನ್ ಹೆಣ್ಣಮ್ಮಾ ಅವ್ಳು!" ಅಂದಳು.

ಅಕ್ಟೋಬರ್ ಎಷ್ಟು ದೂರ! ಈಗಲೇ ಬರಬಾರದೇ? ಎಲಾದಿಯೊಗೆ ಈ ತಿಂಗಳು ರಾತ್ರಿ ಪಾಳಿ. ಹಗಲೆಲ್ಲ ಅವನು ನಿದ್ದೆ ಮಾಡುತ್ತಾನೆ, ನಾನು ಪಿಸುಗುಡುವ ಹಾಗೆ ಹೊಲಿಯುತ್ತೇನೆ. ತುಂಬ ಸುಖವಾಗಿದ್ದೇನೆ. ನಿನ್ನ ಕಾಗದ ಬೇಗ ಬರಲಿ.

ಕಸಿಲ್ದಾ


ಫ್ವೆಂತೆಸೆರಾ
24 ಆಗಸ್ಟ್ 1971

ಕಸಿಲ್ದಾ,
ತಡವಾಯಿತು, ಕ್ಷಮಿಸು. ಇಲ್ಲಿ ಕೆಲಸ ಬಹಳ. ದೋನ್ಯಾ ಮೆನ್ಸಿಯಾ ಈಗ ಗೋಡೆಯಿಂದ ಇಳಿದು ಮೆಟ್ಟಿಲ ಕೆಳಗೆ ನೆಲದ ಮೇಲೆ ಒರಗಿ ನಿಂತಿದ್ದಾಳೆ. ಅವಳ ಕಣ್ಣು ನನ್ನ ಕಣ್ಣಿಗೆ ಸಮನಾಗಿ ಬಂದದ್ದು ಇದೇ ಮೊದಲು. ಇಪ್ಪತ್ತೆರಡು ವರ್ಷ ಅವಳನ್ನು ತಲೆಯೆತ್ತಿ ನೋಡಿದ್ದೆ. ಇಷ್ಟು ಚಿಕ್ಕ ಹುಡುಗಿ ಎಂದು ಗೊತ್ತಿರಲಿಲ್ಲ.
ಈ ಪೊಟ್ಟಣದಲ್ಲಿ ನನ್ನ ಬೆಳ್ಳಿಯ ಬೆರಳುಟೋಪಿ, ಸಣ್ಣ ಕತ್ತರಿ, ಜೇನುಮೇಣದ ಉಂಡೆ ಇವೆ. ನೀನೇ ಇಟ್ಟುಕೋ. ಮದರ್‌ರ ಅಪ್ಪಣೆ ಆಗಿದೆ. ಉಡುಪು ಅಕ್ಟೋಬರ್ 24ಕ್ಕಿಂತ ಮುಂಚೆ ಮುಗಿದರೆ ಒಳ್ಳೆಯದು.
ಸಿಸ್ಟರ್ ವಿಸಿತಾಸಿಯೋನ್


ವೆಂತಾ ದೆ ಬಾನ್ಯೋಸ್
30 ಆಗಸ್ಟ್ 1971

ಚಿಕ್ಕಮ್ಮ,

ಬೆರಳುಟೋಪಿ! ಆ ಬೆರಳುಟೋಪಿ! ಮಠದ ಬಾಗಿಲ ತಿರುಗುಗೂಡಿನಲ್ಲಿ ನನ್ನ ಹೊಲಿಗೆಯ ತುಂಡು ಇಟ್ಟು ತಿರುಗಿಸುತ್ತಿದ್ದೆ, ಅದು ನಿನ್ನ ಕಡೆಗೆ ಹೋಗುತ್ತಿತ್ತು. ಹೊಲಿಗೆ ಸರಿಯಿದ್ದರೆ ಬಾದಾಮಿ ಮಿಠಾಯಿಯ ಜೊತೆ ವಾಪಸ್ ಬರುತ್ತಿತ್ತು. ಇಲ್ಲದಿದ್ದರೆ ಪೂರ್ತಿ ಬಿಚ್ಚಿದ ಬಟ್ಟೆ, ಪಕ್ಕದಲ್ಲಿ ಸುತ್ತಿಟ್ಟ ದಾರ. ಒಂದು ಮಾತೂ ಇಲ್ಲ. ಗೂಡು ತಿರುಗುವ ಸದ್ದಿನ ನಡುವೆ ಈ ಬೆಳ್ಳಿ ಟಿಕ್ ಟಿಕ್ ಎನ್ನುತ್ತಿತ್ತು. ಆ ಹೊತ್ತಿನಲ್ಲಿ ನಿನ್ನ ಕಡೆಯಿಂದ ಕೇಳುತ್ತಿದ್ದ ಸದ್ದು ಅದೊಂದೇ. ನೀನು ಇದನ್ನು ಕೊಟ್ಟರೆ ಯಾವುದರಲ್ಲಿ ಹೊಲಿಯುತ್ತೀಯ? ಹೊಸದು ತರಿಸಿದ್ದಾರಾ?

ಚಿತ್ರ ಇಳಿಸಿದ್ದಾರೆ ಎಂದು ಓದಿ ಕುಣಿದೆ. ಹಬ್ಬಕ್ಕೆ ಧೂಳು ಒರೆಸಿ ಹೊಳಪು ಕೊಡಿಸುತ್ತಿದ್ದಾರೆ ತಾನೇ? ಈ ಸಲ ಜೋರಾಗಿರಬೇಕು!

ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. ಸುಳ್ಳು ಹೇಳಿದ್ದೆ. ಅಚ್ಚು ಹೊಯ್ದಂತೆ ಕೂತಿಲ್ಲ. ಲಂಗ ಪಾದ ಮುಚ್ಚಿ ನೆಲದ ಮೇಲೆ ಒಂದು ಗೇಣು ಬಿದ್ದಿದೆ. ಕುಪ್ಪಸದ ಚೂಪು ತೊಡೆಯವರೆಗೆ ಬರುತ್ತದೆ. ಹೊನೋರಿನಾ ಅಜ್ಜಿ ನಿಜವಾಗಿ ಅಂದದ್ದು, "ಯಾರಿಗಮ್ಮಾ ಇದು, ಕುದುರೆಗಾ?" ಎಂದು. ಎಲಾದಿಯೊ ನಗಲಿಲ್ಲ. "ಕತ್ತರಿಸೋಕೆ ಮುಂಚೆ ನಿನ್ ಮೈಗೆ ಒಂದ್ಸಲ ಹಿಡಿದು ನೋಡ್ಬಾರ್ದಿತ್ತಾ?" ಎಂದು ಕೇಳಿದ. ನಾನು ಅತ್ತುಬಿಟ್ಟೆ. ಅವನಿಗೆ ಹೇಗೆ ಹೇಳಲಿ? ಎಂಟನೇ ವಯಸ್ಸಿನಿಂದ ನೀನು ಕೊಟ್ಟ ಅಳತೆಗೆ ಹೊಲಿದಿದ್ದೇನೆ. ನಿನ್ನ ಅಳತೆಯನ್ನು ನಾನು ಎಂದಾದರೂ ಪರೀಕ್ಷೆ ಮಾಡಿದ್ದುಂಟಾ?

ದೋನ್ಯಾ ಮೆನ್ಸಿಯಾ ರಾಕ್ಷಸಿಯಂತೆ ಎತ್ತರವಿರಬೇಕು ಎಂದುಕೊಂಡು ಸಮಾಧಾನ ಮಾಡಿಕೊಂಡಿದ್ದೆ. ಈಗ ನೀನು ಅವಳು ಚಿಕ್ಕ ಹುಡುಗಿ ಎನ್ನುತ್ತೀಯ. ಹಾಗಾದರೆ ತಪ್ಪಿರುವುದು ಎಲ್ಲಿ? ಚಿಕ್ಕಮ್ಮ, ಒಂದು ಕೆಲಸ ಮಾಡು. ನಿನ್ನ ಗೇಣಿನಷ್ಟು ಉದ್ದದ ದಾರ ಕತ್ತರಿಸಿ ಕಾಗದದೊಳಗೆ ಇಟ್ಟು ಕಳಿಸು. ಅಷ್ಟೇ.

ಕಸಿಲ್ದಾ


ವೆಂತಾ ದೆ ಬಾನ್ಯೋಸ್
12 ಸೆಪ್ಟೆಂಬರ್ 1971

ಚಿಕ್ಕಮ್ಮ,

ಹದಿಮೂರು ದಿನವಾಯಿತು. ಒಂದು ದಾರ ಕತ್ತರಿಸಲು ಎಷ್ಟು ಹೊತ್ತು ಬೇಕು?

ಕಸಿಲ್ದಾ


ಫ್ವೆಂತೆಸೆರಾ
20 ಸೆಪ್ಟೆಂಬರ್ 1971

ಕಸಿಲ್ದಾ,

ದಾರ ಇಟ್ಟಿದ್ದೇನೆ. ನಾಲ್ಕು ಸಲ ಉದ್ದದ ದಾರ ಕತ್ತರಿಸಿದೆ, ನಾಲ್ಕು ಸಲವೂ ಲಕೋಟೆಯಿಂದ ತೆಗೆದುಬಿಟ್ಟೆ. ಇದು ಸರಿಯಾದದ್ದು.

ನಿನ್ನ ಬೆನ್ನಿನ ಪ್ರಶ್ನೆಗೆ ಉತ್ತರ ಸಿಕ್ಕಿದೆ. ನಮ್ಮಲ್ಲಿ ಸೇರಲು ಬರುವ ಹುಡುಗಿ ಮದುವಣಗಿತ್ತಿಯ ಉಡುಪಿನಲ್ಲಿ ಬಾಗಿಲು ದಾಟುತ್ತಾಳೆ. ಒಳಗೆ ಬಂದ ಮೇಲೆ ಅದನ್ನು ಬಿಚ್ಚಿ, ಹೊಲಿಗೆ ಕಳಚಿ, ಮಾತೆ ಮರಿಯಳ ಪ್ರತಿಮೆಗೆ ಹೊದಿಕೆ ಮಾಡುತ್ತೇವೆ. ದೋನ್ಯಾ ಮೆನ್ಸಿಯಾಳದ್ದೂ ಹಾಗೇ ಆಗಿರಬೇಕು ಎಂದು ನನಗೆ ಹೊಳೆಯಲೇ ಇಲ್ಲ ನೋಡು. ಹಬ್ಬದ ಹೊದಿಕೆಗೆ ಇಪ್ಪತ್ತು ವರ್ಷದಿಂದ ತೇಪೆ ಹಾಕುತ್ತಿರುವವಳು ನಾನೇ. ಮೊನ್ನೆ ಅದನ್ನು ಚಿತ್ರದ ಪಕ್ಕದಲ್ಲಿ ಹರಡಿ ನೋಡಿದೆ. ಅದೇ ಬಟ್ಟೆ, ಕಸಿಲ್ದಾ. ಅಸ್ತರಿಯ ಒಳಗೆ, ಅಂಚಿನಲ್ಲಿ, ಎರಡು ಸಾಲು ತೂತುಗಳಿವೆ, ಒಂದೊಂದರಲ್ಲಿ ಹದಿನಾಲ್ಕು. ಯಾರೋ ಹೊಲಿದು ಮುಚ್ಚಿದ್ದಾರೆ. ನಾನು ಅವನ್ನು ಹುಳು ತಿಂದದ್ದು ಎಂದುಕೊಂಡಿದ್ದೆ.

ಆದ್ದರಿಂದ ಕುಪ್ಪಸ ಬೆನ್ನಿನಲ್ಲಿ ತೆರೆಯುತ್ತದೆ. ಕೆಳಗಿನಿಂದ ಮೇಲಕ್ಕೆ ಒಂದೇ ದಾರ ಪೋಣಿಸಿ ಎಳೆಯಬೇಕು. ಒಬ್ಬಳೇ ತೊಟ್ಟುಕೊಳ್ಳಲು ಸಾಧ್ಯವಿಲ್ಲ. ಹಿಂದೆ ಇನ್ನೊಬ್ಬಳು ನಿಲ್ಲಬೇಕು. ನನ್ನ ದಿನ ನಿಮ್ಮಮ್ಮ ನಿಂತಿದ್ದಳು. ನಿನಗೆ ಎರಡು ವರ್ಷ, ನನ್ನ ಅಂಚು ಹಿಡಿದು ಬಿಡಲೊಲ್ಲೆ ಎಂದು ಅತ್ತೆ. ನಿನ್ನ ಮುಷ್ಟಿಯನ್ನು ಬಿಡಿಸಿದ್ದೇ ನಾನು ನಿನ್ನನ್ನು ಕೊನೆಯದಾಗಿ ಮುಟ್ಟಿದ್ದು.

ದೊಡ್ಡದಾದದ್ದನ್ನು ಕಿರಿದು ಮಾಡಬಹುದು. ಹೆದರಬೇಡ, ಬಿಚ್ಚು.

ಸಿಸ್ಟರ್ ವಿಸಿತಾಸಿಯೋನ್


ವೆಂತಾ ದೆ ಬಾನ್ಯೋಸ್
25 ಸೆಪ್ಟೆಂಬರ್ 1971

ಚಿಕ್ಕಮ್ಮ,

ದಾರವನ್ನು ನನ್ನ ಅಂಗೈಯ ಮೇಲೆ ಚಾಚಿದೆ. ಹೆಬ್ಬೆರಳಿನಿಂದ ಹೊರಟು ಉಂಗುರದ ಬೆರಳಿನ ಹತ್ತಿರವೇ ಮುಗಿಯಿತು. ಮೂರು ಬೆರಳಗಲ ಕಡಿಮೆ.

ಮೊದಲು, ನೀನು ತಮಾಷೆ ಮಾಡುತ್ತಿದ್ದೀಯ ಎಂದುಕೊಂಡೆ. ಆಮೇಲೆ ಎಲಾದಿಯೊ ದಾರವನ್ನು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ನೋಡಿದ. "ನಮ್ಮಜ್ಜಿ ಕೈಯೂ ಕೊನೆಗೆ ಇಷ್ಟೇ ಆಗಿತ್ತು ಕಣೇ. ಬೆರಳು ಮಡಿಸ್ಕೊಂಡಿದ್ದು ಬಿಚ್ತಾನೇ ಇರ್ಲಿಲ್ಲ. ಚಳಿಗಾಲದಲ್ಲಿ ಚಮಚ ಹಿಡಿಯೋಕೂ ಆಗ್ತಿರ್ಲಿಲ್ಲ" ಅಂದ.

ನಿನ್ನ ಏಳು ಸಾಲಿನ ಕಾಗದಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ. ನಾನು ಸಾಲು ಎಣಿಸಿದ್ದೆ. ಅಕ್ಷರ ನೋಡಿರಲಿಲ್ಲ. ಮೂರು ವರ್ಷದಿಂದ ನೀನು ಜಾಲರಿಯ ಮುಂದೆ ಕೈಯನ್ನು ಉಡುಪಿನ ತೋಳಿನೊಳಗೆ ಸೇರಿಸಿಕೊಂಡೇ ಕೂರುತ್ತಿದ್ದೆ. ಸನ್ಯಾಸಿನಿಯರು ಹಾಗೇ ಕೂರುತ್ತಾರೆ ಎಂದುಕೊಂಡೆ. ಸೂಜಿ ಹಿಡಿಯಲಾಗದೆ ಬೆರಳುಟೋಪಿ ಕಳಿಸಿದೆ, ನಾನು ಹೊಸದು ತರಿಸಿದ್ದಾರಾ ಎಂದು ಕೇಳಿದೆ.

ಎಲ್ಲ ಹೊಲಿಗೆ ಬಿಚ್ಚಿದ್ದೇನೆ. ಈಗ ನಿನ್ನ ದಾರ ಇಟ್ಟು ಅಳೆಯುತ್ತಿದ್ದೇನೆ. ಆರು ದಾರ, ಮೂರು ದಾರ, ಒಂದೂವರೆ ದಾರ. ಸರಿಯಾಗಿ ಬರುತ್ತಿದೆ. ಅವಳೂ ನನ್ನಷ್ಟೇ ಎತ್ತರ.

ಇಲ್ಲಿ ನಾನು ಸುಖವಾಗಿದ್ದೇನೆ ಎಂದು ಬರೆದಿದ್ದೆ. ಅದು ನಿಜ, ಎಲಾದಿಯೊ ಒಳ್ಳೆಯವನು. ಆದರೆ ಹನ್ನೊಂದು ಇಪ್ಪತ್ತರ ಗಾಡಿ ನೋಡುವುದು ಮಜವೇನಲ್ಲ, ಚಿಕ್ಕಮ್ಮ. ಬೆನ್ನಿಗೆ ಹದಿನಾಲ್ಕು ಹದಿನಾಲ್ಕು ತೂತು ಹೊಲಿಯುತ್ತೇನೆ. ದಾರ ಎಳೆಯಲು ಹೊನೋರಿನಾ ಅಜ್ಜಿ ಇದ್ದಾಳೆ. ಆದರೆ ಅವಳಿಗೆ ಹೇಳಿಲ್ಲ, ಹೇಳುವ ಮನಸ್ಸಿಲ್ಲ.

ಕಸಿಲ್ದಾ


ಫ್ವೆಂತೆಸೆರಾ
7 ಅಕ್ಟೋಬರ್ 1971

ಕಸಿಲ್ದಾ, ನಾನು ಬರುತ್ತಿದ್ದೇನೆ!

ಈ ಒಂದು ಸಾಲು ಬರೆದು ಪೆನ್ನು ಕೆಳಗಿಟ್ಟು ನಕ್ಕೆ. ನಿನ್ನ ಹಾಗೆ ಶುರು ಮಾಡಿದೆನಲ್ಲ ಎಂದು. ಇದನ್ನು ಮೂರು ದಿನ, ತುಸು ತುಸುವೇ ಬರೆಯುತ್ತಿದ್ದೇನೆ. ಕೈ ನೋಯುತ್ತದೆ. ಇನ್ನು ಮುಚ್ಚಿಡುವುದು ಯಾತಕ್ಕೆ?

ಅಕ್ಟೋಬರ್ 24ಕ್ಕೆ ಇಲ್ಲಿಗೆ ಬರಬೇಡ. ಇಗರ್ಜಿಗೆ ಬೀಗ ಬಿದ್ದಿರುತ್ತದೆ. ನಾವು ಐದೇ ಜನ ಉಳಿದಿದ್ದೇವೆ, ಮಾಡು ಸೋರುತ್ತಿದೆ, ಮಠ ಮುಚ್ಚುತ್ತಿದ್ದಾರೆ. ಬಿಷಪ್ಪರ ಅಪ್ಪಣೆ ಬಂದದ್ದು ಮಾರ್ಚಿನಲ್ಲಿ, ನಿನ್ನ ಮದುವೆಗೂ ಮುಂಚೆ. ನಿನ್ನ ಖುಷಿಯ ಕಾಗದಗಳ ನಡುವೆ ಇದನ್ನು ಎಲ್ಲಿ ತುರುಕಲಿ ಎಂದು ಸುಮ್ಮನಿದ್ದೆ. ಚಿತ್ರ ಇಳಿಸಿದ್ದು ಹೊಳಪು ಕೊಡಲು ಅಲ್ಲ, ಕಟ್ಟಿ ಕಳಿಸಲು. ನಿನ್ನೆ ಅದು ಮರದ ಪೆಟ್ಟಿಗೆಯೊಳಗೆ ಹೋಯಿತು. ಮೆಟ್ಟಿಲ ಗೋಡೆಯ ಮೇಲೆ ಆಳೆತ್ತರದ ಬಿಳಿ ಚೌಕ ಉಳಿದಿದೆ. ನೀನು ಆ ಚಿತ್ರವನ್ನು ನೋಡಲೇ ಇಲ್ಲ ಎಂಬುದೊಂದೇ ನನ್ನ ಕೊರಗು. ಇನ್ನು ಅವಳನ್ನು ನೋಡಬೇಕೆಂದರೆ ನಾನೂ ನಿನ್ನನ್ನೇ ನೋಡಬೇಕು.

ಇನ್ನೊಂದು ಮಾತು. ನಿನ್ನ ಮದುವೆಯ ದಿನ ನನಗೆ ಜ್ವರ ಬಂದಿರಲಿಲ್ಲ. ತಿರುಗುಗೂಡಿನ ಪಕ್ಕದಲ್ಲೇ ನಿಂತಿದ್ದೆ. ನೀನು ಉಂಗುರ ತೋರಿಸಲು ಜಾಲರಿಯೊಳಗೆ ಬೆರಳು ತೂರಿಸುತ್ತೀಯ, ನನ್ನ ಬೆರಳೂ ಕೇಳುತ್ತೀಯ ಎಂದು ಹೆದರಿದೆ. ಅಂತಹ ದಿನ ನಿನಗೆ ಈ ಕೈ ಕಾಣಿಸುವುದು ಬೇಡ ಎನಿಸಿತು. ನಿನ್ನ ಲಂಗದ ಸರಸರ ಸದ್ದು ಬಾಗಿಲವರೆಗೆ ಹೋದದ್ದು ಕೇಳಿಸಿತು. ತಪ್ಪು ಮಾಡಿದೆ.

ನಾವು ಐವರೂ ಬುರ್ಗೋಸ್‌ನ ಆಚೆಯ ಇನ್ನೊಂದು ಮಠಕ್ಕೆ ಹೋಗುತ್ತಿದ್ದೇವೆ. ದಾರಿಯಲ್ಲಿ ಗಾಡಿ ಬದಲಿಸಬೇಕು. ಎಲ್ಲಿ ಎಂದು ಮದರ್ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದರು. ನಿಮ್ಮ ಊರು. ಎರಡು ಗಂಟೆ ಕಾಯಬೇಕಂತೆ. ನಾನು ಅಳುಕುತ್ತಾ ಕೇಳಿದೆ, "ಮದರ್, ಅಲ್ಲಿ ನನ್ ಅಕ್ಕನ ಮಗಳಿದ್ದಾಳೆ." ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇದ್ದರೆ ಬರ್ಲಿ ಬಿಡಿ ಸಿಸ್ಟರ್. ಎರಡು ಗಂಟೆಗೋಸ್ಕರ ಜಂಕ್ಷನ್‌ನಲ್ಲಿ ಜಾಲರಿ ಎಲ್ಲಿಂದ ತರೋಣ?" ಅಂದರು. ಉಳಿದ ಮೂವರೂ ಒಟ್ಟಿಗೆ ನಕ್ಕರು. ಈ ಮನೆಯಲ್ಲಿ ಅಂತಹ ನಗು ಕೇಳಿ ಎಷ್ಟೋ ದಿನವಾಗಿತ್ತು.

ಆದ್ದರಿಂದ ಹೇಳುತ್ತೇನೆ ಕೇಳು. ಲಂಗ, ತೋಳು, ಎಂಬತ್ತೆರಡು ಮಡಿಕೆಯ ಕೊರಳಪಟ್ಟಿ, ಎಲ್ಲ ತೊಟ್ಟು ಪ್ಲಾಟ್‌ಫಾರಂಗೆ ಬಾ. ಜನ ನಗಲಿ. ಎಲಾದಿಯೊ ಬಾವುಟ ಹಿಡಿದು ನಿನ್ನನ್ನು ಬಾಗಿಲು ದಾಟಿಸಲಿ. ಬೆನ್ನನ್ನು ಮಾತ್ರ ತೆರೆದೇ ಇಡು, ಮೇಲೆ ಶಾಲು ಹೊದ್ದುಕೋ. ಹೊನೋರಿನಾ ಅಜ್ಜಿಯ ಕೈಗೆ ದಾರ ಕೊಡಬೇಡ. ನನ್ನ ಬೆರಳು ಗಂಟು ಹಾಕಲಾರದು, ಗಂಟು ನೀನೇ ಹಾಕಿಕೊಳ್ಳಬೇಕಾದೀತು. ಆದರೆ ಎಳೆಯಬಲ್ಲೆ. ಕೆಳಗಿನಿಂದ ಮೇಲಕ್ಕೆ, ಹದಿನಾಲ್ಕು ತೂತು, ನಿಧಾನವಾಗಿ. ಎರಡು ಗಂಟೆ ಇದೆ. ನೀನು ಉಸಿರು ಬಿಗಿಹಿಡಿದು ನಿಂತರೆ ಸಾಕು.

ಅಕ್ಟೋಬರ್ 14, ಗುರುವಾರ. ಮೆದಿನಾ ಕಡೆಯಿಂದ ಬರುವ ಟಪಾಲು ಗಾಡಿ, ಹನ್ನೊಂದು ಇಪ್ಪತ್ತರದು.